ಹುತ್ತವೂ ಮನೆಯೂ

ಗುಬ್ಬಿ, ಕುಣಿಗಲು ಸೀಮೆಯ ಹೊಲದ ಬದುಗಳಲ್ಲಿ ಹುತ್ತವನ್ನು ಕಾಣದವರಿಲ್ಲ. ನಾಗರಪಂಚಮಿಯಂದು ಜನ ಅದಕ್ಕೆ ಹಾಲೆರೆಯುತ್ತಾರೆ. ಆದರೆ ಹುತ್ತವನ್ನು ಕಟ್ಟುವುದು ಗೆದ್ದಲು. ಹಾವು ಆಮೇಲೆ ಬಂದು ಸೇರುವ ಅತಿಥಿ.

ಗೆದ್ದಲಿನದು ಮೆದುವಾದ ಮೈ; ಅದು ಬಿಸಿಲನ್ನೂ ಒಣಗಾಳಿಯನ್ನೂ ತಾಳಲಾರದು. ಆದುದರಿಂದ ಮಣ್ಣಿನ ಕಣಗಳನ್ನು ಎಂಜಲಿನಿಂದ ಬೆಸೆದು ದಪ್ಪ ಗೋಡೆಯನ್ನು ಎಬ್ಬಿಸುತ್ತದೆ. ಕಿಟಕಿಯಿಲ್ಲದ ಆ ಮನೆಯೊಳಗೆ ಅಸಂಖ್ಯ ಗೆದ್ದಲುಗಳು ಉಸಿರಾಡುವುದು ಹೇಗೆ? ಬೆಂಗಳೂರಿನ ಹುತ್ತಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಉತ್ತರವಿತ್ತಿತು. ಹಗಲಿನಲ್ಲಿ ಹುತ್ತದ ಹೊರಮೈ ಬೇಗ ಕಾಯುವುದರಿಂದ ಗಾಳಿಯು ಅಂಚಿನ ಕೊಳವೆಗಳಲ್ಲಿ ಮೇಲೇರಿ, ನಡುವೆ ಕೆಳಗಿಳಿಯುತ್ತದೆ. ಇರುಳಿನಲ್ಲಿ ಹೊರಮೈ ತಣಿದಾಗ ಈ ಸಂಚಾರವು ತಿರುಗುಮುರುಗಾಗುತ್ತದೆ. ಒಳಗೆ ಕೂಡಿದ ಇಂಗಾಲದ ಡೈಆಕ್ಸೈಡ್ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಹೊರಬೀಳುತ್ತದೆ.

ಇದಕ್ಕೂ ಮೊದಲೇ ಹುತ್ತವು ಮನುಷ್ಯನಿಗೆ ಗುರುವಾಗಿತ್ತು. ಆಫ್ರಿಕದ ಹರಾರೆ ನಗರದಲ್ಲಿ 1996ರಲ್ಲಿ ಪೂರ್ಣಗೊಂಡ ಈಸ್ಟ್‌ಗೇಟ್ ಕಟ್ಟಡವನ್ನು ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಹುತ್ತದಿಂದ ಸ್ಫೂರ್ತಿಗೊಂಡು ರಚಿಸಿದರು. ಬೀಸಣಿಗೆಗಳು ಇರುಳಿನ ತಂಗಾಳಿಯನ್ನು ಒಳಗೆಳೆದು, ದಪ್ಪ ಕಾಂಕ್ರೀಟಿನಲ್ಲಿ ತಂಪನ್ನು ಹಗಲಿಗಾಗಿ ಕೂಡಿಡುತ್ತವೆ.

ಕರ್ನಾಟಕದಲ್ಲಿಯೂ ಮಣ್ಣಿನ ಗುಣವನ್ನರಿತವರುಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ಕುಣಿಗಲು ತಾಲ್ಲೂಕಿನ ಉಂಗ್ರ ಗ್ರಾಮವು ಅದರ ಕಾರ್ಯಕ್ಷೇತ್ರವಾಗಿತ್ತು.

ಮಣ್ಣಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದ ಸಂಸಾರಗಳು ಬೇಸಗೆಯಲ್ಲಿ ಇರುಳೆಲ್ಲ ಬೆವರುತ್ತವೆ. ಅವರು ಅನುಸರಿಸಬೇಕಾದುದು ಹುತ್ತದ ಆಕಾರವನ್ನಲ್ಲ, ಅದರ ಮರ್ಮವನ್ನು: ದಪ್ಪ ಗೋಡೆ, ಬಿಸಿಗಾಳಿ ಹೊರಹೋಗಲು ಎತ್ತರದಲ್ಲೊಂದು ಗವಾಕ್ಷಿ, ಇರುಳಿನ ತಂಪಿಗೆ ತೆರೆದ ಕಿಟಕಿ. ಹುತ್ತಕ್ಕೆ ಗುದ್ದಲಿ ಹಾಕುವ ಮುನ್ನ ಅದರ ಗೋಡೆಯನ್ನೊಮ್ಮೆ ನೋಡುವುದು ಒಳಿತು.