ಶ್ರೀಶೈಲದ ಘಾಟಿನಲ್ಲಿ ಪಿಕಪ್ ಹೀಟ್ ಆಗುವುದೇಕೆ?

ಹೈದರಾಬಾದಿನಿಂದ ಶ್ರೀಶೈಲಕ್ಕೆ ಹೋಗುವ 765ನೇ ರಾಷ್ಟ್ರೀಯ ಹೆದ್ದಾರಿ ಕಲ್ವಕುರ್ತಿ, ಡಿಂಡಿ ದಾಟುವವರೆಗೆ ಗಾಡಿಯನ್ನು ಅಷ್ಟಾಗಿ ದಣಿಸುವುದಿಲ್ಲ. ಹಾಜಿಪುರ ಬಿಟ್ಟು ಮನ್ನನೂರಿನ ಏರು ಹಿಡಿದಾಗ ನಲ್ಲಮಲ ಬೆಟ್ಟಸಾಲು ಶುರು. ಈಗಲಪೆಂಟ ಕಳೆದು ಕೃಷ್ಣೆಯ ಕಣಿವೆಗೆ ಇಳಿದು, ಅಣೆಕಟ್ಟಿನ ಕೆಳಗಿನ ಸೇತುವೆ ದಾಟಿ, ಮತ್ತೆ ಸುನ್ನಿಪೆಂಟಕ್ಕೆ ಹತ್ತುವ ತಿರುವುಗಳು ಅದಕ್ಕಿಂತ ಕಠಿಣ. ಯುಗಾದಿ ಜಾತ್ರೆಯ ಹೊತ್ತಿಗೆ ಬಿಸಿಲು ಏರಿರುತ್ತದೆ. ದಾಸೋಹದ ಅಕ್ಕಿ ಮೂಟೆ, ಕೊಪ್ಪರಿಗೆ, ಗ್ಯಾಸ್ ಸಿಲಿಂಡರ್ ಹೇರಿಕೊಂಡ ಬೊಲೆರೊ, ದೋಸ್ತ್, ಯೋಧ ಪಿಕಪ್‌ಗಳು ಹೈದರಾಬಾದ್, ಬೀದರ್ ಕಡೆಯಿಂದ ಇದೇ ದಾರಿ ಹಿಡಿಯುತ್ತವೆ. ಬೆಳಿಗ್ಗೆಯಿಂದ ಸರಿಯಾಗಿಯೇ ಓಡಿದ ಗಾಡಿಯ ಟೆಂಪರೇಚರ್ ಮೀಟರಿನ ಮುಳ್ಳು ಇಲ್ಲಿ ಹತ್ತು ನಿಮಿಷದಲ್ಲಿ ಕೆಂಪಿಗೆ ಬರುತ್ತದೆ.

ಕಾರಣ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಗಾಡಿ, ಸರಕು ಸೇರಿ ಮೂರೂವರೆ ಟನ್ ಎಂದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಹೋಗಲು ಚಕ್ರಗಳಿಗೆ ಸುಮಾರು 15 ಕಿಲೋವ್ಯಾಟ್ ಶಕ್ತಿ ಬೇಕು. ನೂರು ಮೀಟರಿಗೆ ಆರು ಮೀಟರ್ ಏರುವ ಘಾಟಿನಲ್ಲಿ ಬರೀ 30 ಕಿ.ಮೀ. ವೇಗಕ್ಕೇ ಸುಮಾರು 21 ಕಿಲೋವ್ಯಾಟ್ ಬೇಕಾಗುತ್ತದೆ. ಡೀಸೆಲ್ ಉರಿದು ಬಂದ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಚಕ್ರಕ್ಕೆ, ಒಂದು ಭಾಗ ಹೊಗೆಯ ಜೊತೆ ಸೈಲೆನ್ಸರಿಗೆ, ಉಳಿದದ್ದು ಹೆಚ್ಚಾಗಿ ರೇಡಿಯೇಟರ್ ನೀರಿಗೆ ಹೋಗುತ್ತದೆ. ಅಂದರೆ ಏರಿನಲ್ಲಿ ನೀರಿಗೆ ಸೇರುವ ಶಾಖ ಸುಮಾರು ಒಂದೂವರೆ ಪಟ್ಟು. ಎದುರಿನಿಂದ ಬಡಿಯುವ ಗಾಳಿ ಮಾತ್ರ ಅರ್ಧ.

ಮೇಲೆ ಇನ್ನೊಂದು ಟನ್ ಹೇರಿದರೆ ಸಮತಟ್ಟಿನಲ್ಲಿ ಎರಡೂವರೆ ಕಿಲೋವ್ಯಾಟ್ ಹೆಚ್ಚು ಬೇಕಾದೀತು, ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಅದೇ ಘಾಟಿನಲ್ಲಿ ಆರು ಕಿಲೋವ್ಯಾಟ್ ಹೆಚ್ಚಾಗಿ 27ಕ್ಕೆ ಮುಟ್ಟುತ್ತದೆ. ಕೆಟ್ಟು ನಿಂತ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆದರೂ ಇದೇ ಕಥೆ. ‘ಕಲ್ವಕುರ್ತಿವರೆಗೆ ಆರಾಮಾಗಿ ಬಂತು, ಲೋಡ್ ಏನೂ ಜಾಸ್ತಿ ಇಲ್ಲ’ ಎಂಬ ಮಾತನ್ನು ಅದಕ್ಕೇ ನಂಬಬಾರದು.

ಇನ್ನು ಗೇರು. ಕೆಳಗಿನ ಗೇರು ಹಾಕಿದರೆ ಇಂಜಿನ್ ಕೂಗುತ್ತದೆ, ಕೂಗಿದರೆ ಹೀಟ್ ಆಗುತ್ತದೆ ಎಂದು ಅನುಭವಸ್ಥರೂ ಹೇಳುವುದುಂಟು. ಘಾಟಿನಲ್ಲಿ ಇದು ತದ್ವಿರುದ್ಧ. ನೀರು ತಿರುಗಿಸುವ ವಾಟರ್ ಪಂಪು ಇಂಜಿನ್ನಿಗೇ ಬೆಲ್ಟಿನಿಂದ ಜೋಡಿಸಿದ್ದು. ಬಹಳಷ್ಟು ಪಿಕಪ್‌ಗಳಲ್ಲಿ ಫ್ಯಾನ್ ಕೂಡ ಹಾಗೆಯೇ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಇಂಜಿನ್ 1,300 ಸುತ್ತಿನಲ್ಲಿ ಗಡಗಡ ನಡುಗುತ್ತ ಕಪ್ಪು ಹೊಗೆ ಬಿಡುತ್ತಿದ್ದರೆ, ಪಂಪೂ ಫ್ಯಾನೂ ಅಷ್ಟೇ ನಿಧಾನ. ಎರಡನೇ ಗೇರಿಗೆ ಬಂದು ಅದೇ ವೇಗದಲ್ಲಿ 2,300 ಸುತ್ತಿಗೆ ಏರಿಸಿದರೆ ಏರುವ ಕೆಲಸ ಹೆಚ್ಚುವುದಿಲ್ಲ, ನೀರೂ ಗಾಳಿಯೂ ಒಂದೂಮುಕ್ಕಾಲು ಪಟ್ಟು ಹರಿಯುತ್ತವೆ. ಆದ್ದರಿಂದ ಏರು ಶುರುವಾಗುವ ಮೊದಲೇ ಗೇರು ಇಳಿಸಬೇಕು. ಹಾಫ್ ಕ್ಲಚ್ಚಿನಲ್ಲಿ ತಿಣುಕಬಾರದು.

ರೇಡಿಯೇಟರ್ ಮುಚ್ಚಳದ ಕೆಲಸ ಕುಕ್ಕರಿನ ವೆಯ್ಟಿನದ್ದೇ. ಒಳಗೆ ಹೆಚ್ಚೂಕಡಿಮೆ ಒಂದು ಬಾರ್ ಒತ್ತಡ ಹಿಡಿದಿಟ್ಟರೆ 100 ಡಿಗ್ರಿಗೆ ಕುದಿಯಬೇಕಾದ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯದೆ ತಡೆದುಕೊಳ್ಳುತ್ತದೆ. ಅರ್ಧ ಕೂಲಂಟ್ ಬೆರೆಸಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲೆ. ಹೊರಡುವ ದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಮುಚ್ಚಳ ತಿರುಗಿಸಿ ತೆಗೆದು ಕೆಳಗಿನ ರಬ್ಬರ್ ವಾಷರನ್ನು ಬೆರಳಿನಿಂದ ಒತ್ತಿ ನೋಡಿ. ಅದು ಕಲ್ಲಿನಂತಾಗಿದ್ದರೆ, ಅಂಚು ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ. ಬದಲಾಯಿಸಲು ತಗಲುವ ಖರ್ಚು ಗ್ಯಾಸ್ಕೆಟ್ ಕೆಲಸದ ಮುಂದೆ ಏನೂ ಅಲ್ಲ. ಮುಚ್ಚಳದ ಒಳಮೈಗೆ ಬಿಳಿ ಹೆಕ್ಕಳಿಕೆ ಅಂಟಿದೆಯೇ? ಹಾಗಿದ್ದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಇರುತ್ತದೆ. ಹೈದರಾಬಾದಿನ ಬೋರ್‌ವೆಲ್ ನೀರು ಗಡಸು. ತಿಂಗಳುಗಟ್ಟಲೆ ಅದನ್ನೇ ಸುರಿದರೆ ಸುಣ್ಣ ಕಟ್ಟಿ ಶಾಖ ದಾಟದಂತಾಗುತ್ತದೆ. ಕೂಲಂಟಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕು.

ಟಾರ್ಚ್ ಹಿಡಿದು ಗ್ರಿಲ್ಲಿನ ಒಳಗೂ ಇಣುಕಿ. ಟರ್ಬೊ ಗಾಡಿಗಳಲ್ಲಿ ಹಲವಕ್ಕೆ ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ ಇರುತ್ತದೆ. ಎರಡರ ನಡುವಿನ ಸಂದಿಯಲ್ಲಿ ಹುಲ್ಲಿನ ಹೊಟ್ಟು, ಹತ್ತಿಯ ಎಳೆ, ಹುಳುಗಳ ರೆಕ್ಕೆ ಕೂತು ಮುಂದಿನಿಂದ ಕಾಣುವುದೇ ಇಲ್ಲ. ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಬೇಕು, ಪ್ರೆಷರ್ ಜಾಸ್ತಿಯಾದರೆ ಫಿನ್ ಮಡಚಿಕೊಳ್ಳುತ್ತವೆ. ಜಾತ್ರೆಯ ಬ್ಯಾನರನ್ನು ಗ್ರಿಲ್ಲಿಗೆ ಕಟ್ಟಲೇಬೇಡಿ, ಕ್ಯಾಬಿನ್ ಮೇಲೆ ಕಟ್ಟಿ.

ನನಗೆ ಬಹಳ ಬೇಸರ ತರಿಸುವ ಇನ್ನೊಂದು ಪದ್ಧತಿ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವುದು. ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುವ ಈ ವಾಲ್ವ್ ಇಲ್ಲದಿದ್ದರೆ ಇಂಜಿನ್ ಸಮತಟ್ಟಿನಲ್ಲಿ ಸರಿಯಾಗಿ ಬಿಸಿಯಾಗದೆ ಡೀಸೆಲ್ ಹೆಚ್ಚು ತಿನ್ನುತ್ತದೆ. ಕೆಲವು ಇಂಜಿನ್ನುಗಳಲ್ಲಿ ಇದೇ ವಾಲ್ವ್ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ ಘಾಟಿನಲ್ಲಿ ಹೀಟ್ ಇನ್ನೂ ಹೆಚ್ಚಾಗುತ್ತದೆ. ಕೆಟ್ಟ ವಾಲ್ವಿಗೆ ಹೊಸ ವಾಲ್ವೇ ಪರಿಹಾರ.

ಹೊತ್ತು ನೋಡಿ ಹೊರಡುವುದೂ ಮುಖ್ಯ. ಅಮ್ರಾಬಾದ್ ಹುಲಿ ಅಭಯಾರಣ್ಯದ ಕಾರಣ ಮನ್ನನೂರಿನ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತಂಪಿನಲ್ಲಿ ರಾತ್ರಿಯೇ ದಾಟುತ್ತೇನೆ ಎಂದರೆ ಆಗದು. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರುವಂತೆ ಹೊರಟರೆ ಸುನ್ನಿಪೆಂಟದ ಏರು ಬಿಸಿಲೇರುವ ಮುಂಚೆ ಮುಗಿಯುತ್ತದೆ. ಅದಕ್ಕೂ ಮೊದಲಿನ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಆಸೆ ಬೇಡ. ಬ್ರೇಕು ಕಾದು ಹಿಡಿತ ತಪ್ಪುತ್ತದೆ.

ಮುಳ್ಳು ಏರತೊಡಗಿತೇ? ಮೊದಲು ಎಸಿ ಇದ್ದರೆ ಆರಿಸಿ, ಹೀಟರ್ ಇದ್ದರೆ ಪೂರ್ತಿ ತಿರುಗಿಸಿ, ಕಿಟಕಿ ತೆರೆಯಿರಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಜಾಗ ಸಿಕ್ಕಲ್ಲಿ ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ 1,200–1,500 ಸುತ್ತಿನಲ್ಲಿ ಇಂಜಿನ್ ಓಡಲು ಬಿಡಿ. ತಕ್ಷಣ ಆಫ್ ಮಾಡಿದರೆ ಪಂಪು ನಿಂತು, ಹೆಡ್ಡಿನ ಸುತ್ತ ಇರುವ ನೀರು ಅಲ್ಲೇ ಕುದಿಯುತ್ತದೆ. ಆದರೆ ಹಬೆ ಹೊರಬರುತ್ತಿದ್ದರೆ, ಪೈಪು ಒಡೆದಿದ್ದರೆ, ಮುಳ್ಳು ಕೆಂಪಿನಲ್ಲೇ ನಿಂತಿದ್ದರೆ ಒಡನೆಯೇ ಆಫ್ ಮಾಡಬೇಕು. ನೀರಿಲ್ಲದ ಇಂಜಿನ್ ಓಡಿಸಿದರೆ ಸೀಜ್ ಆಗುತ್ತದೆ. ಮುಚ್ಚಳವನ್ನು ಅರ್ಧ ಗಂಟೆಯಾದರೂ ಮುಟ್ಟಬೇಡಿ. ಒತ್ತಡ ಬಿಟ್ಟ ಕ್ಷಣವೇ 110 ಡಿಗ್ರಿಯ ನೀರು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಮೇಲೆ ತಲುಪಿದ ಮೇಲೆ ಟರ್ಬೊ ತಣಿಯಲು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಕೀ ತಿರುಗಿಸಿ. ದಾರಿಯಲ್ಲಿ ಒಮ್ಮೆ ಹೀಟ್ ಆಗಿದ್ದರೆ ಮರುದಿನ ಬೆಳಿಗ್ಗೆ ಕೂಲಂಟ್ ಮಟ್ಟ ನೋಡಿ. ಹೊರಗೆಲ್ಲೂ ಸೋರಿಕೆ ಇಲ್ಲದೆ ಮಟ್ಟ ಇಳಿದಿದ್ದರೆ, ಸ್ಟಾರ್ಟ್ ಮಾಡಿದಾಗ ಕೂಲಂಟ್ ಡಬ್ಬಿಯಲ್ಲಿ ಒಂದೇ ಸಮ ಗುಳ್ಳೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಅಂಥ ಗಾಡಿಯನ್ನು ಲೋಡ್ ಖಾಲಿಯಿದ್ದರೂ ಈಗಲಪೆಂಟದ ಏರಿಗೆ ಮತ್ತೆ ಬಿಡಬಾರದು. ಮೆಕ್ಯಾನಿಕ್‌ನನ್ನು ಸುನ್ನಿಪೆಂಟಕ್ಕೇ ಕರೆಸಿ ತೋರಿಸಬೇಕು.