ಟೈಫಾಯ್ಡ್ ರೋಗಾಣು ನಮ್ಮ ದೇಹದ ಕಾವಲನ್ನು ಹೇಗೆ ತಪ್ಪಿಸಿಕೊಳ್ಳುತ್ತದೆ? ವಡಪಳನಿಯ ಕನ್ನಡ ಮನೆಗಳಿಗೆ ಒಂದಿಷ್ಟು ಮಾಹಿತಿ



ವಡಪಳನಿಯಲ್ಲಿ ಕುಡಿಯಲು ಕ್ಯಾನ್ ನೀರು, ಬಳಕೆಗೆ ಮೆಟ್ರೋ ವಾಟರ್ ಇಲ್ಲವೇ ಲಾರಿ ನೀರು, ಸಂಜೆ ಆರ್ಕಾಟ್ ರಸ್ತೆಯಲ್ಲಿ ಮಕ್ಕಳಿಗೆ ಪಾನಿಪುರಿ. ಹೀಗೆ ಹಲವು ಕಡೆಯ ನೀರು ಹೊಟ್ಟೆ ಸೇರುವ ಮನೆಯವರು ಟೈಫಾಯ್ಡ್, ಅಂದರೆ ವಿಷಮಶೀತ ಜ್ವರದ ಬಗ್ಗೆ ತಿಳಿದಿರಬೇಕು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮುಂದಾಳತ್ವದಲ್ಲಿ 2017ರಿಂದ 2020ರವರೆಗೆ ಮಕ್ಕಳ ಅಧ್ಯಯನವೊಂದು ನಡೆಯಿತು. ವೆಲ್ಲೂರು, ದೆಹಲಿ, ಕೋಲ್ಕತ್ತಾಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಿಗೆ 576ರಿಂದ 1173 ಟೈಫಾಯ್ಡ್ ಪ್ರಕರಣ ಕಂಡವು. ಪುಣೆ ಕಡೆಯ ಹಳ್ಳಿಗಳಲ್ಲಿ ಕೇವಲ 35.

*ರೋಗಾಣು ಏನು ಮಾಡುತ್ತದೆ?*

ಹೊಟ್ಟೆಯ ಆಮ್ಲ ನಮ್ಮ ಮೊದಲ ಕಾವಲು. ಕರುಳಿನ ಗೋಡೆ ಸುರಿಸುವ, ಬ್ಯಾಕ್ಟೀರಿಯಾಗಳನ್ನು ತೂತು ಮಾಡುವ ಸಣ್ಣ ಪ್ರೋಟೀನುಗಳು ಎರಡನೆಯದು. ರೋಗಾಣುವನ್ನು ನುಂಗುವ ಬಿಳಿ ರಕ್ತಕಣಗಳು ಮೂರನೆಯದು.

ಟೈಫಾಯ್ಡ್ ತರುವ ಸಾಲ್ಮೊನೆಲ್ಲಾದ ಹೊರಪೊರೆಯ ಒಳಗೆ ಫೋ-ಕ್ಯೂ ಎಂಬ ಸಂವೇದಕವಿದೆ. ಆಮ್ಲ, ಮೆಗ್ನೀಷಿಯಂ ಕೊರತೆ, ಆ ಸಣ್ಣ ಪ್ರೋಟೀನುಗಳು, ಇವೆಲ್ಲ ಅದಕ್ಕೆ ತಿಳಿಯುತ್ತವೆ. ಕೂಡಲೇ ರೋಗಾಣು ತನ್ನ ಹೊರಪೊರೆಯ ಋಣ ವಿದ್ಯುದಂಶವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಧನ ವಿದ್ಯುದಂಶವಿರುವ ನಮ್ಮ ಪ್ರೋಟೀನುಗಳಿಗೆ ಆಗ ಅದು ಸುಲಭವಾಗಿ ಸಿಗುವುದಿಲ್ಲ. ನುಂಗಿದ ರಕ್ತಕಣದೊಳಗೇ ಅದು ಬದುಕಿ ಬೆಳೆಯುತ್ತದೆ. ಮೇಲೆ ವಿ-ಐ ಎಂಬ ಸಕ್ಕರೆಯ ಹೊದಿಕೆ ಹೊದ್ದು ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸುತ್ತದೆ.

*ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೀಗೇ*

ನಮ್ಮ ಕರುಳಿನಲ್ಲೇ ವಾಸಿಸುವ ಬ್ಯಾಕ್ಟೀರಾಯ್ಡಿಸ್ ಜಾತಿಯವೂ ಹೊರಪೊರೆಯಿಂದ ಒಂದು ಫಾಸ್ಫೇಟ್ ತೆಗೆದು ಇದೇ ಪ್ರೋಟೀನುಗಳಿಂದ ಪಾರಾಗುತ್ತವೆ. 2015ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ತೋರಿಸಿತು. ಕರುಳು ಉರಿಯೂತದಲ್ಲಿದ್ದಾಗಲೂ ಅವು ಜಾಗ ಬಿಡದೆ ಇರುವುದಕ್ಕೆ ಇದೇ ಕಾರಣ. ಇಂಥ ನಿವಾಸಿಗಳು ತುಂಬಿರುವಾಗ ಹೊರಗಿನ ರೋಗಾಣುಗಳಿಗೆ ನೆಲೆಯೂರುವುದು ಕಷ್ಟ.

ಆದರೆ ಆಂಟಿಬಯಾಟಿಕ್ ಮಾತ್ರೆಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗದು. ಮೊದಲೇ ಆಂಟಿಬಯಾಟಿಕ್ ಕೊಟ್ಟ ಇಲಿಗಳಲ್ಲಿ ತೀರಾ ಕಡಿಮೆ ಸಾಲ್ಮೊನೆಲ್ಲಾ ಸೇರಿದರೂ ಸೋಂಕು ತಗಲುತ್ತದೆ.

*ಮನೆಯಲ್ಲಿ ಪಾಲಿಸಿ*

1. ಜ್ವರ 3 ದಿನ ದಾಟಿದರೆ ವೈದ್ಯರನ್ನು ಕಾಣಿ. ಆಂಟಿಬಯಾಟಿಕ್ ಶುರುವಾಗುವ ಮೊದಲೇ ಬ್ಲಡ್ ಕಲ್ಚರ್ ಬೇಕೇ ಎಂದು ಕೇಳಿ. ವೈಡಾಲ್ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ.

2. ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯಾಟಿಕ್ ತರಬೇಡಿ. ವೈದ್ಯರು ಕೊಟ್ಟಿದ್ದನ್ನು ಜ್ವರ ಇಳಿದರೂ ಪೂರ್ತಿ ಮುಗಿಸಿ.

3. ಮಕ್ಕಳ ವೈದ್ಯರಲ್ಲಿ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಬಗ್ಗೆ ವಿಚಾರಿಸಿ. 6 ತಿಂಗಳು ತುಂಬಿದ ಮಗುವಿಗೂ ಕೊಡಬಹುದು. ರೋಗಾಣು ಹೊದ್ದುಕೊಳ್ಳುವ ಆ ವಿ-ಐ ಹೊದಿಕೆಯನ್ನೇ ಇದು ನಮ್ಮ ದೇಹಕ್ಕೆ ಗುರುತು ಹಿಡಿಸುತ್ತದೆ.

4. ಕ್ಯಾನ್ ನೀರಿನ ಸೀಲ್ ನೋಡಿ ಕೊಳ್ಳಿ. ಅನುಮಾನವಿದ್ದರೆ ಚೆನ್ನಾಗಿ ಕುದಿಸಿ. ಮಜ್ಜಿಗೆಗೂ ಕುದಿಸಿ ಆರಿಸಿದ ನೀರನ್ನೇ ಬಳಸಿ. ಹೊರಗಿನ ಜ್ಯೂಸಿಗೆ ಐಸ್ ಬೇಡ. ಅಡುಗೆಗೆ ಮುಂಚೆ, ಶೌಚದ ನಂತರ ಸೋಪಿನಿಂದ ಕೈ ತೊಳೆಯಿರಿ.

*ತಡ ಮಾಡಬೇಡಿ:* ಜ್ವರದ ಜೊತೆ ತೀವ್ರ ಹೊಟ್ಟೆನೋವು, ಮಲದಲ್ಲಿ ರಕ್ತ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ತಮಿಳು ಬಾರದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಎರಡು ಮಾತು ಕಲಿಸಿಡಿ: ಜ್ವರಕ್ಕೆ ‘ಕಾಯ್ಚಲ್’, ಹೊಟ್ಟೆನೋವಿಗೆ ‘ವಯಿತ್ತು ವಲಿ’.

ನಿಮ್ಮ ಬಂಧು ಬಳಗದವರಿಗೂ ಇದನ್ನು ಕಳುಹಿಸಿ. ಎಲ್ಲರೂ ಆರೋಗ್ಯವಾಗಿರಿ.