ಕಪ್ಪು ಬೆಲ್ಟ್ ಗುರಿಯಲ್ಲ, ಆರಂಭ

ಟೇಕ್ವಾಂಡೊ ಕಲಿಯುವ ಮಕ್ಕಳ ಅನೇಕ ಪೋಷಕರಿಗೆ ಕಪ್ಪು ಬೆಲ್ಟ್ ದೊರೆತರೆ ಗುರಿ ಮುಟ್ಟಿದಂತೆ. ಕೊರಿಯಾದ ಲೆಕ್ಕವೇ ಬೇರೆ. ಸೋಲ್ ನಗರದಲ್ಲಿ 1972ರಲ್ಲಿ ಆರಂಭವಾದ ಕುಕ್ಕಿವಾನ್ ಸಂಸ್ಥೆಯ ನಿಯಮದಂತೆ, ಬಣ್ಣದ ಬೆಲ್ಟ್‌ಗಳ ‘ಗುಪ್’ ಶ್ರೇಣಿಗಳನ್ನು ದಾಟಿದವರಿಗೆ ಸಿಗುವುದು ಮೊದಲನೆಯ ‘ಡಾನ್’ ಮಾತ್ರ. ಹದಿನೈದು ತುಂಬದವರಿಗೆ ಅದೂ ಇಲ್ಲ. ಕೆಂಪು-ಕಪ್ಪು ಬೆಲ್ಟ್‌ನ ‘ಪೂಮ್’ ಅಷ್ಟೆ. ಎರಡನೆಯ ಡಾನ್‌ಗೆ ಕನಿಷ್ಠ 1 ವರ್ಷ, ಮೂರನೆಯದಕ್ಕೆ ಮತ್ತೆ 2 ವರ್ಷ, ಎಂಟರಿಂದ ಒಂಬತ್ತಕ್ಕೇರಲು 9 ವರ್ಷಗಳ ಅಭ್ಯಾಸ ಬೇಕು.

ಬಡ್ತಿಯ ಕಡತಗಳ ನಡುವೆ ಸೇವೆ ಸಲ್ಲಿಸಿದ ನನಗೆ ಇಲ್ಲಿ ಮೆಚ್ಚುಗೆಯಾಗುವ ಅಂಶವೊಂದಿದೆ: ಅವಧಿ ತುಂಬಿದೊಡನೆ ಶ್ರೇಣಿ ತಾನಾಗಿ ಬಾರದು, ಪರೀಕ್ಷೆಗೆ ನಿಲ್ಲುವ ಅರ್ಹತೆಯಷ್ಟೇ ಬರುತ್ತದೆ. ಬೆಲ್ಟ್ ಕೂಡ ಹಣದಂತೆ. ಹೇರಳವಾಗಿ ಹಂಚಿದರೆ ಮೌಲ್ಯ ಕುಸಿಯುತ್ತದೆ. ಆದ್ದರಿಂದ ಪೋಷಕರು ‘ಮುಂದಿನ ಬೆಲ್ಟ್ ಯಾವಾಗ’ ಎಂದು ತರಬೇತುದಾರರನ್ನು ಅವಸರಪಡಿಸದಿರಲಿ. ಕಲಿತ ಮೇಲಷ್ಟೇ ಬೆಲ್ಟ್ ಕಟ್ಟುವ ಗುರುವೇ ಮಗುವಿನ ಶ್ರಮದ ಬೆಲೆ ಉಳಿಸುವವರು.